ಮತ ಪಡೆದು ಕುರ್ಚಿ ಖಾಲಿಯಿಟ್ಟವರು

ಕೃಷ್ಣರಾಜಪೇಟೆ, ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲಗಳಂತಹ ಪಟ್ಟಣಗಳ ದುಃಸ್ಥಿತಿಗೆ ಅಲ್ಲಿನ ನಾಗರಿಕರ ನಿರಾಸಕ್ತಿಯೇ ಕಾರಣವೆಂಬ ಮಾತು ವಿಧಾನಸೌಧದಿಂದ ಹಿಡಿದು ಪುರಸಭೆಯ ಕಚೇರಿಯವರೆಗೆ ಎಷ್ಟು ಸಲೀಸಾಗಿ ಓಡಾಡುತ್ತಿದೆಯೆಂದರೆ, ಕಂದಾಯ ಕಟ್ಟಿ, ಬಿಸಿಲಿನಲ್ಲಿ ನಿಂತು ಮತ ಹಾಕಿ ಬಂದ ಜನರೂ ಅದನ್ನು ನಂಬತೊಡಗಿದ್ದಾರೆ. ಇದು ತಪ್ಪಿತಸ್ಥರೇ ಹರಡಿದ ಸುಳ್ಳು.

ಪಾಂಡವಪುರ ಮತ್ತು ನಾಗಮಂಗಲದ ಮತದಾರರು 2018ರ ಆಗಸ್ಟ್‌ನಲ್ಲಿ, ಕೃಷ್ಣರಾಜಪೇಟೆ ಮತ್ತು ಶ್ರೀರಂಗಪಟ್ಟಣದ ಮತದಾರರು 2019ರ ಮೇ ತಿಂಗಳಲ್ಲಿ ತಮ್ಮ ವಾರ್ಡುಗಳ ಸದಸ್ಯರನ್ನು ಆರಿಸಿ ತಮ್ಮ ಕೆಲಸ ಮುಗಿಸಿದರು. ಆದರೆ ಯಾವ ಪಟ್ಟಣದ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನ ಯಾವ ವರ್ಗಕ್ಕೆ ಎಂದು ನಿಗದಿಪಡಿಸುವ ಮೀಸಲಾತಿ ಪಟ್ಟಿಯನ್ನು ಸರ್ಕಾರ ಒಮ್ಮೆ ಹೊರಡಿಸಿ, ಕೆಲವೇ ದಿನಗಳಲ್ಲಿ ಬದಲಿಸಿ, ಹೈಕೋರ್ಟಿನ ಮೆಟ್ಟಿಲೇರುವಂತೆ ಮಾಡಿದ್ದರಿಂದ, 2020ರ ಅಕ್ಟೋಬರ್‌ನಲ್ಲಿ ಹೊಸ ಪಟ್ಟಿ ಬರುವವರೆಗೆ ಗೆದ್ದವರಿಗೆ ಅಧಿಕಾರವೇ ಸಿಗಲಿಲ್ಲ. ಪಾಂಡವಪುರದ ಮತದಾರ ಎರಡು ವರ್ಷಕ್ಕೂ ಹೆಚ್ಚು ಕಾದ. ಕೃಷ್ಣರಾಜಪೇಟೆಯ 23 ವಾರ್ಡುಗಳ ಮತದಾರರು ಒಂದು ವರ್ಷವನ್ನು ಮೀರಿ ಕಾದರು. ಅಧ್ಯಕ್ಷರ ಅವಧಿ 30 ತಿಂಗಳು ಮಾತ್ರ. ಅದು 2023ರಲ್ಲಿ ಮುಗಿಯುತ್ತದೆಂಬುದು ಮೊದಲ ದಿನವೇ ಗೊತ್ತಿದ್ದ ಲೆಕ್ಕ. ಹೀಗಿದ್ದೂ ಎರಡನೆಯ ಅವಧಿಯ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟ್‌ನಲ್ಲಿ. ಈ ಎರಡು ಶೂನ್ಯಕಾಲಗಳಲ್ಲಿ ಜೆಡಿಎಸ್, ಕಾಂಗ್ರೆಸ್, ಬಿಜೆಪಿ ಮೂರೂ ಪಕ್ಷಗಳು ರಾಜ್ಯವನ್ನಾಳಿದವು. ಕೃಷ್ಣರಾಜಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ ಹುಟ್ಟಿದ ಬಿ.ಎಸ್. ಯಡಿಯೂರಪ್ಪನವರು 2019ರ ಜುಲೈನಲ್ಲಿ ಮುಖ್ಯಮಂತ್ರಿಯಾದ ಮೇಲೂ, ಅವರ ಹುಟ್ಟೂರಿನ ತಾಲ್ಲೂಕು ಕೇಂದ್ರವೇ ವರ್ಷಕ್ಕಿಂತ ಹೆಚ್ಚು ಕಾಲ ಅಧ್ಯಕ್ಷರಿಲ್ಲದೆ ಉಳಿಯಿತು.

ಇಂತಹ ಕಾಲದಲ್ಲಿ ಪುರಸಭೆಯನ್ನು ನಡೆಸುವವರು ಆಡಳಿತಾಧಿಕಾರಿಗಳು, ಅಂದರೆ ಚುನಾಯಿತ ಮಂಡಳಿಯ ಅಧಿಕಾರವನ್ನು ಚಲಾಯಿಸಲು ಸರ್ಕಾರ ನೇಮಿಸುವ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರು. ಕಂದಾಯ ಇಲಾಖೆಯ ಕೆಲಸದಲ್ಲೇ ಮುಳುಗಿರುವ ಇವರಿಗೆ ಪುರಸಭೆಯೆಂಬುದು ಹೆಚ್ಚುವರಿ ಹೊಣೆ. ಖಾತೆ ಬದಲಾವಣೆ ಏಕೆ ನಿಂತಿದೆ, ಕೃಷ್ಣರಾಜಪೇಟೆಯ ದೇವೀರಮ್ಮಣ್ಣಿ ಕೆರೆಗೆ ಪಟ್ಟಣದ ಕೊಳಚೆ ಸೇರದಂತೆ ಕಾಯಬೇಕಾದವರು ಯಾರು ಎಂದು ಮುಖ್ಯಾಧಿಕಾರಿಯನ್ನು ಎದುರು ನಿಲ್ಲಿಸಿ ಕೇಳುವ ಹಕ್ಕಿನ ವೇದಿಕೆ ಪುರಸಭೆಯ ಸಾಮಾನ್ಯ ಸಭೆ. ಆ ಸಭೆಯೇ ಇಲ್ಲವಾದರೆ ಸದಸ್ಯನು ಅರ್ಜಿ ಹಿಡಿದು ಬಾಗಿಲಲ್ಲಿ ನಿಲ್ಲುವವನಾಗುತ್ತಾನೆ. ಪ್ರಶ್ನೆ ಕೇಳುವ ಜಾಗವನ್ನೇ ಮುಚ್ಚಿ, ಜನರು ಪ್ರಶ್ನಿಸುವುದಿಲ್ಲವೆಂದು ದೂರುವುದು ನಾಚಿಕೆಗೇಡು.

ಸಂವಿಧಾನದ ರಚನೆಯೂ ಸಣ್ಣ ಪಟ್ಟಣದವರಿಗೆ ಅನ್ಯಾಯವೆಸಗಿದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿ ಅಥವಾ ಅಕ್ಕಿಹೆಬ್ಬಾಳಿನಂತಹ ಹಳ್ಳಿಯ ಮತದಾರನಿಗೆ ಗ್ರಾಮಸಭೆಯಲ್ಲಿ ಎದ್ದುನಿಂತು ಲೆಕ್ಕ ಕೇಳುವ ಅವಕಾಶವಿದೆ. 1993ರಲ್ಲಿ ಜಾರಿಗೆ ಬಂದ 74ನೆಯ ತಿದ್ದುಪಡಿಯಾದರೋ ವಾರ್ಡ್ ಸಮಿತಿಗಳನ್ನು, ಅಂದರೆ ವಾರ್ಡಿನ ನಿವಾಸಿಗಳು ಆಡಳಿತದೊಂದಿಗೆ ಕೂರಬಹುದಾದ ಸಮಿತಿಗಳನ್ನು, 3 ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ನಗರಗಳಿಗಷ್ಟೇ ಕಡ್ಡಾಯಗೊಳಿಸಿತು. ಹಳ್ಳಿಗೂ ಸೇರದ, ಮಹಾನಗರಕ್ಕೂ ಸೇರದ ಪುರಸಭೆಯ ನಿವಾಸಿ, ಐದು ವರ್ಷಕ್ಕೊಮ್ಮೆ ಹಾಕುವ ಒಂದು ಮತದ ಹೊರತು ಬೇರೇನೂ ಇಲ್ಲದವನಾದ. ಆ ಒಂದು ಮತವನ್ನೂ ಸರ್ಕಾರ ಕಪಾಟಿನಲ್ಲಿಟ್ಟು ಬೀಗ ಹಾಕಿತು.

ಬೀಗ ಹಾಕಿದ್ದರಿಂದ ಯಾರಿಗೆ ಲಾಭವೆಂಬುದನ್ನು ಹೇಳಲೇಬೇಕು. ಪುರಸಭೆಯ ಅಧ್ಯಕ್ಷರ ಆಯ್ಕೆಯಲ್ಲಿ ಶಾಸಕರಿಗೂ ಸಂಸದರಿಗೂ ಮತವಿದೆ, ನಿವೇಶನ ಮತ್ತು ಮನೆಗಳ ಫಲಾನುಭವಿಗಳನ್ನು ಆರಿಸುವ ಆಶ್ರಯ ಸಮಿತಿಗೆ ಶಾಸಕರೇ ಅಧ್ಯಕ್ಷರು, ಕುಡಿಯುವ ನೀರು ಮತ್ತು ಒಳಚರಂಡಿಯ ದೊಡ್ಡ ಕಾಮಗಾರಿಗಳು ರಾಜ್ಯಮಟ್ಟದ ಮಂಡಳಿಯ ಕೈಯಲ್ಲಿವೆ. ಅಧ್ಯಕ್ಷರಿಲ್ಲದ ಪುರಸಭೆಯಲ್ಲಿ ಶಾಸಕರ ಮಾತಿಗೆ ಎದುರಾಡುವವರೇ ಇರುವುದಿಲ್ಲ. ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಮಂಡಳಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸದ ರಾಜ್ಯವಿದು; ರಾಜಧಾನಿಯ ಗತಿಯೇ ಹೀಗಿರುವಾಗ ಶ್ರೀರಂಗಪಟ್ಟಣದ ಕೂಗು ಕೇಳಿಸೀತೆಂದು ಯಾರು ನಂಬಬೇಕು? ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳೂ 2021ರಿಂದ ಇದೇ ಪಾಡು ಅನುಭವಿಸಿದವು.

ಪ್ರಕರಣ ನ್ಯಾಯಾಲಯದಲ್ಲಿತ್ತೆಂಬ ಸಮಜಾಯಿಷಿ ನಿಲ್ಲುವುದಿಲ್ಲ, ಏಕೆಂದರೆ ನ್ಯಾಯಾಲಯಕ್ಕೆ ಹೋದದ್ದು ಸರ್ಕಾರವೇ ಸಿದ್ಧಪಡಿಸಿದ ಪಟ್ಟಿ. ಐದು ವರ್ಷದ ಅವಧಿ ಮುಗಿಯುವ ಮುನ್ನವೇ ನಗರ ಸಂಸ್ಥೆಗಳಿಗೆ ಚುನಾವಣೆ ನಡೆಯಬೇಕು, ನೆಪ ಹೇಳಿ ಮುಂದೂಡಕೂಡದು ಎಂದು ಸುಪ್ರೀಂ ಕೋರ್ಟ್ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ 2006ರಲ್ಲೇ ಸ್ಪಷ್ಟಪಡಿಸಿದೆ. ಇನ್ನಾದರೂ ಎರಡೂ 30 ತಿಂಗಳ ಅವಧಿಗಳ ಅಧ್ಯಕ್ಷ, ಉಪಾಧ್ಯಕ್ಷ ಮೀಸಲಾತಿಯನ್ನು ವಾರ್ಡು ಚುನಾವಣೆಯ ಅಧಿಸೂಚನೆಗೂ ಮೊದಲೇ ಒಟ್ಟಿಗೆ ಪ್ರಕಟಿಸಬೇಕು, ಆಕ್ಷೇಪಣೆಗಳನ್ನು ಮತದಾನಕ್ಕೆ ಮುನ್ನವೇ ಇತ್ಯರ್ಥಪಡಿಸಬೇಕು, ಫಲಿತಾಂಶದ ನಂತರ ಒಂದು ತಿಂಗಳೊಳಗೆ ಮೊದಲ ಸಭೆ ಕರೆಯದ ಅಧಿಕಾರಿಯನ್ನು ಹೊಣೆಗಾರನನ್ನಾಗಿಸಬೇಕು. ಪುರಸಭೆಗಳ ಕಾಯಿದೆಗೆ ಇಷ್ಟು ತಿದ್ದುಪಡಿ ತರಲು ವಿಧಾನಮಂಡಲದ ಒಂದು ಅಧಿವೇಶನ ಸಾಕು.