ದುಡಿದು ಕಲಿಯುವವನಿಗೆ ಪ್ರಮಾಣಪತ್ರವಿಲ್ಲವೇ?

ಕಾಲೇಜುಗಳಲ್ಲಿ ಈಗ ‘ಇಂಟರ್ನ್‌ಶಿಪ್’ ಎಂಬ ಪದ ಮಂತ್ರದಂತೆ ಕೇಳಿ ಬರುತ್ತಿದೆ. ವಿದ್ಯಾರ್ಥಿಗೆ ಕೆಲಸದ ಅನುಭವ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಮೂರು ವರ್ಷ ಬಿ.ಕಾಂ. ಓದಿ ಜಿಎಸ್‌ಟಿಯ ಬಗ್ಗೆ ಪುಟಗಟ್ಟಲೆ ಉತ್ತರ ಬರೆದವನು, ಒಂದು ಕಿರಾಣಿ ಅಂಗಡಿಯ ರಿಟರ್ನ್ ಸಲ್ಲಿಸಲಾಗದೆ ತಡವರಿಸುವುದನ್ನು ನಾವೆಲ್ಲ ಕಂಡಿದ್ದೇವೆ. ವೇಳೆಗೆ ಸರಿಯಾಗಿ ಹಾಜರಾಗುವುದು, ಸಿಡುಕುವ ಗ್ರಾಹಕನಿಗೆ ಸಮಾಧಾನದಿಂದ ಉತ್ತರಿಸುವುದು, ತಪ್ಪಿದ ಲೆಕ್ಕವನ್ನು ಹುಡುಕಿ ತಿದ್ದುವುದು, ಇವು ತರಗತಿಯ ಬೆಂಚಿನಲ್ಲಿ ಬರುವ ವಿದ್ಯೆಗಳಲ್ಲ. ವೈದ್ಯಕೀಯ ವಿದ್ಯಾರ್ಥಿ ಆಸ್ಪತ್ರೆಯಲ್ಲಿ ಒಂದು ವರ್ಷ ದುಡಿಯದೆ ವೈದ್ಯನಾಗುವುದಿಲ್ಲ. ಸಿ.ಎ. ಓದುವವನಿಗೆ ಮೊದಲು 3 ವರ್ಷ ಇದ್ದ ಆರ್ಟಿಕಲ್‌ಶಿಪ್ 2023ರ ಹೊಸ ಪದ್ಧತಿಯಲ್ಲಿ 2 ವರ್ಷಕ್ಕೆ ಇಳಿದರೂ ಅದು ಕಡ್ಡಾಯ, ಅದಕ್ಕೆ ಸ್ಟೈಪೆಂಡ್ ಕೂಡಾ ಇದೆ.

ಹಾಗಾದರೆ ತಕರಾರು ಎಲ್ಲಿದೆ? ಈ ಅವಕಾಶ ಯಾರ ಪಾಲಾಗುತ್ತಿದೆ ಎಂಬಲ್ಲಿದೆ. ಎಷ್ಟೋ ಸಂಸ್ಥೆಗಳು ಇಂಟರ್ನ್‌ಗೆ ಬಿಡಿಗಾಸನ್ನೂ ಕೊಡುವುದಿಲ್ಲ. ಕೆಲವು ಕಡೆ ವಿದ್ಯಾರ್ಥಿಯಿಂದಲೇ ಹಣ ಪಡೆದು, ಮನೆಯಲ್ಲಿ ಕುಳಿತವನಿಗೂ ಪ್ರಮಾಣಪತ್ರ ಕೊಡುವ ದಂಧೆ ನಡೆಯುತ್ತಿದೆ. ರಾಯಚೂರಿನ ಕೂಲಿಕಾರನ ಮಗಳು ಬೆಂಗಳೂರಿನ ಪಿ.ಜಿ.ಯ ಬಾಡಿಗೆ ತೆತ್ತು ಎರಡು ತಿಂಗಳು ಪುಕ್ಕಟೆ ದುಡಿಯಲು ಸಾಧ್ಯವೇ? ಅಪ್ಪನ ಜೇಬು ಭಾರವಿದ್ದವನಿಗೆ ಅನುಭವ, ಇಲ್ಲದವನಿಗೆ ಉಪದೇಶ! ಇದು ನ್ಯಾಯವೇ?

ಕಾನೂನೇ ಇಲ್ಲವೆಂದಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಇದೆ. 2019ರಲ್ಲಿ ತಿದ್ದುಪಡಿಯಾದ ನಿಯಮಗಳು, 30 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂದವು, ಪದವೀಧರನಿಗೆ ತಿಂಗಳಿಗೆ ಕನಿಷ್ಠ 9,000 ರೂ. ಗೊತ್ತುಪಡಿಸಿದವು. ಆದರೆ ಅದೇ ಹುಡುಗನನ್ನು ‘ಇಂಟರ್ನ್’ ಎಂದು ಕರೆದರೆ ಈ ಕನಿಷ್ಠ ಮೊತ್ತದ ಗೊಡವೆಯೇ ಇಲ್ಲ. ಹೆಸರು ಬದಲಾದ ಮಾತ್ರಕ್ಕೆ ಬೆವರಿನ ಬೆಲೆ ಸೊನ್ನೆಯಾಗುವುದೇ? 2024ರ ಬಜೆಟ್‌ನಲ್ಲಿ ಕೇಂದ್ರವು 5 ವರ್ಷಗಳಲ್ಲಿ 1 ಕೋಟಿ ಯುವಕರಿಗೆ 500 ದೊಡ್ಡ ಕಂಪೆನಿಗಳಲ್ಲಿ ಇಂಟರ್ನ್‌ಶಿಪ್, ತಿಂಗಳಿಗೆ 5,000 ರೂ. ಎಂದು ಘೋಷಿಸಿತು. ಆದರೆ ಯೋಜನೆ ಆರಂಭವಾದಾಗಿನ ಷರತ್ತಿನಂತೆ, ಪೂರ್ಣಾವಧಿ ಓದುತ್ತಿರುವವರಿಗೆ ಅದರಲ್ಲಿ ಪ್ರವೇಶವೇ ಇರಲಿಲ್ಲ.

ಇದಕ್ಕಿಂತ ದೊಡ್ಡ ವಿಪರ್ಯಾಸ ಇನ್ನೊಂದಿದೆ. ನಮ್ಮ ಸಾವಿರಾರು ವಿದ್ಯಾರ್ಥಿಗಳು ಈಗಾಗಲೇ ದುಡಿಯುತ್ತಿದ್ದಾರೆ. ಗ್ಯಾರೇಜಿನಲ್ಲಿ, ಬಟ್ಟೆ ಅಂಗಡಿಯಲ್ಲಿ, ತಂದೆಯ ಹಣ್ಣಿನ ಮಂಡಿಯಲ್ಲಿ, ಮನೆಯ ಹೊಲಿಗೆ ಯಂತ್ರದ ಮುಂದೆ. ಮುಸ್ಲಿಮರಲ್ಲಿ ಸ್ವಯಂ ಉದ್ಯೋಗಿಗಳ ಪ್ರಮಾಣ ಹೆಚ್ಚೆಂದು 2006ರಲ್ಲೇ ಸಾಚಾರ್ ಸಮಿತಿ ಗುರುತಿಸಿತ್ತು. ಇಂಥ ಮನೆಗಳ ಮಕ್ಕಳಿಗೆ ದುಡಿಮೆ ಹೊಸತಲ್ಲ. ಮಂಡಿಯಲ್ಲಿ ದಿನದ ಖರೀದಿ, ಸಾಲ, ನಷ್ಟಗಳ ಲೆಕ್ಕ ಹಿಡಿಯುವ ಹುಡುಗ ವಾಣಿಜ್ಯಶಾಸ್ತ್ರವನ್ನು ಬದುಕುತ್ತಿದ್ದಾನೆ. ಕಾಲೇಜು ಅವನಿಗೆ ಕೊಡುವುದೇನು? ಹಾಜರಾತಿ ಕೊರತೆಯ ನೋಟಿಸು! ಕೊಂಡು ತಂದ ಪ್ರಮಾಣಪತ್ರಕ್ಕೆ ಅಂಕ, ದುಡಿದು ಬಂದವನಿಗೆ ದಂಡ.

‘ಎಲ್ಲ ಕೆಲಸವನ್ನೂ ಲೆಕ್ಕಕ್ಕೆ ಹಿಡಿದರೆ ಓದು ಹಾಳಾಗದೇ?’ ಎಂದು ಕೆಲವರು ಕೇಳಬಹುದು. ತರಗತಿ ತಪ್ಪಿಸಲು ರಿಯಾಯಿತಿ ಕೊಡಿ ಎಂದು ಯಾರೂ ಹೇಳುತ್ತಿಲ್ಲ. ಇಂಟರ್ನ್‌ಶಿಪ್‌ಗೆಂದು ಮೀಸಲಿಟ್ಟ ಗಂಟೆಗಳಲ್ಲಿ ಈ ದುಡಿಮೆಯನ್ನೂ ಪರಿಗಣಿಸಿ ಎಂಬುದಷ್ಟೇ ಬೇಡಿಕೆ. ಅಧ್ಯಾಪಕರು ಒಮ್ಮೆ ಆ ಅಂಗಡಿಗೆ ಹೋಗಿ ನೋಡಲಿ. ವಿದ್ಯಾರ್ಥಿ ತಾನು ಕಲಿತದ್ದನ್ನು ಬರೆದು, ಎಲ್ಲರೆದುರು ನಿಂತು ಉತ್ತರಿಸಲಿ. ಸುಳ್ಳು ಪ್ರಮಾಣಪತ್ರ ಈ ಪರೀಕ್ಷೆಯಲ್ಲಿ ಉಳಿಯದು.

ವಿಶ್ವವಿದ್ಯಾಲಯಗಳು ಮಾಡಬೇಕಾದ್ದು ಇನ್ನೂ ಇದೆ. ಸ್ಟೈಪೆಂಡ್ ಕೊಡದ ಕಂಪೆನಿಗಳನ್ನು ಕಾಲೇಜಿನ ಬಾಗಿಲಿಗೆ ಬಿಡಬಾರದು. ದೂರದ ಊರಿಗೆ ಹೋಗಲಾಗದ ಹೆಣ್ಣುಮಕ್ಕಳಿಗೆ ತಾಲೂಕಿನ ಸಹಕಾರಿ ಬ್ಯಾಂಕ್, ಆಸ್ಪತ್ರೆ, ಗ್ರಾಮ ಪಂಚಾಯತ್‌ಗಳಲ್ಲೇ ಅವಕಾಶ ಒದಗಿಸಬೇಕು. ನಮ್ಮ ವ್ಯಾಪಾರಿಗಳ ಪಾಲೂ ಇದರಲ್ಲಿದೆ. ವಿದ್ಯಾರ್ಥಿವೇತನ ವಿತರಣೆಯ ವೇದಿಕೆಯಲ್ಲಿ ಶಾಲು ಹೊದ್ದು ಕೂರುವವರು, ವರ್ಷಕ್ಕೆ ಇಬ್ಬರು ವಿದ್ಯಾರ್ಥಿಗಳಿಗೆ ತಮ್ಮ ಲೆಕ್ಕದ ಮೇಜಿನ ಬಳಿ ಕುರ್ಚಿ ಹಾಕಿ, ಕೆಲಸ ಕಲಿಸಿ, ತಿಂಗಳ ಕೊನೆಗೆ ಸಂಬಳ ಎಣಿಸಿ ಕೊಡಲಿ. ಇಬ್ಬರು ಮಕ್ಕಳ ಬದುಕಿಗೆ ಅದು ಆ ಸಭೆಗಿಂತ ಹೆಚ್ಚು ಬೆಲೆಬಾಳುವ ಕೊಡುಗೆಯಾದೀತು.