ಮುಂದಿನ ಮಹಾಜ್ವರಕ್ಕೆ ನಮ್ಮ ಮನೆಗಳು ಸಿದ್ಧವೇ?

ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ 2025ರ ಆರಂಭದಲ್ಲಿ ಕೋಳಿಗಳಿಗೆ ಹಕ್ಕಿಜ್ವರ ತಗುಲಿದಾಗ ನಗರವಾಸಿಗಳನ್ನು ಕಾಡಿದ್ದು ಒಂದೇ ಪ್ರಶ್ನೆ: ಕೋಳಿಮಾಂಸ ತಿನ್ನಬಹುದೇ, ಬೇಡವೇ? ಚೆನ್ನಾಗಿ ಬೇಯಿಸಿದ ಮಾಂಸದಿಂದ ಅಪಾಯವಿಲ್ಲ ಎಂಬ ಉತ್ತರ ದೊರೆತೊಡನೆ ಚರ್ಚೆಯೂ ಮುಗಿಯಿತು. ಆದರೆ ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇತ್ತು. ಇಂಥದೊಂದು ವೈರಾಣು ನಾಳೆ ಮನುಷ್ಯರಿಂದ ಮನುಷ್ಯರಿಗೆ ಸಲೀಸಾಗಿ ಹರಡಲು ಕಲಿತರೆ, ಮೊದಲ ಕೆಲವು ತಿಂಗಳುಗಳನ್ನು ನಮ್ಮ ಕುಟುಂಬಗಳು ಹೇಗೆ ದಾಟುತ್ತವೆ?

ಇದು ಹೆದರಿಸಲು ಹೇಳುವ ಮಾತಲ್ಲ. 1918, 1957, 1968 ಮತ್ತು 2009, ಹೀಗೆ ನೂರು ವರ್ಷಗಳೊಳಗೆ ನಾಲ್ಕು ಬಾರಿ ಫ್ಲೂ ಜಗತ್ತನ್ನು ಸುತ್ತಿದೆ. ಇವುಗಳ ನಡುವಿನ ಅಂತರಕ್ಕೆ ಯಾವ ಲೆಕ್ಕಾಚಾರವೂ ಇಲ್ಲ. ಮತ್ತೆ ಬರುತ್ತದೆ ಎಂಬುದರಲ್ಲಿ ತಜ್ಞರಿಗೆ ಅನುಮಾನವಿಲ್ಲ. ಯಾವಾಗ ಎಂಬುದು ಮಾತ್ರ ಯಾರಿಗೂ ತಿಳಿಯದು.

ಲಸಿಕೆ ಇದೆಯಲ್ಲ ಎನ್ನುವವರು 2009ರ ಹಂದಿಜ್ವರವನ್ನು ನೆನೆಯಬೇಕು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮಹಾಪಿಡುಗು ಎಂದು ಘೋಷಿಸಿದ್ದು ಆ ವರ್ಷದ ಜೂನ್‌ನಲ್ಲಿ. ಭಾರತದ ಮೊದಲ ಸಾವು ಪುಣೆಯಲ್ಲಿ ಸಂಭವಿಸಿದ್ದು ಆಗಸ್ಟ್‌ನಲ್ಲಿ. ದೇಶೀಯ ಲಸಿಕೆ ಮಾರುಕಟ್ಟೆಗೆ ಬರುವಷ್ಟರಲ್ಲಿ 2010ರ ಜೂನ್ ಆಗಿತ್ತು. ಅದೇ ಆಗಸ್ಟ್‌ನಲ್ಲಿ ಪಿಡುಗು ಮುಗಿಯಿತೆಂದು ಸಂಸ್ಥೆ ಸಾರಿತು. ಅಂದರೆ ಲಸಿಕೆ ಬಾಗಿಲಿಗೆ ಬರುವ ಮುನ್ನವೇ ಜ್ವರ ಮನೆ ಹೊಕ್ಕು ಹೊರಟಿರುತ್ತದೆ. ಈ ನಡುವಿನ ಅವಧಿಗೆ ಮನೆಯೇ ಮೊದಲ ಆಸ್ಪತ್ರೆ.

ಸಿದ್ಧತೆ ಬೇರೆ, ದಾಸ್ತಾನು ಬೇರೆ

2009ರ ಆಗಸ್ಟ್‌ನಲ್ಲಿ ಮುಖಗವಸಿಗಾಗಿ ಔಷಧ ಅಂಗಡಿಗಳ ಮುಂದೆ ಜನ ಮುಗಿಬಿದ್ದಿದ್ದರು. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದೊಡನೆ ದಿನಸಿ ಅಂಗಡಿಗಳತ್ತ ಓಡಿದ್ದೂ ನಾವೇ. ಅಂದು ಉಳ್ಳವರು ಹೊತ್ತೊಯ್ದ ಹೆಚ್ಚುವರಿ ಚೀಲ, ದಿನಗೂಲಿ ಪಡೆದು ಸಂಜೆ ಅಕ್ಕಿ ಕೊಳ್ಳುವವರ ಪಾಲಿನದಾಗಿತ್ತು. ಇದೇ ಚೀಲವನ್ನು ಶಾಂತಿಕಾಲದಲ್ಲಿ ಕೊಂಡಿದ್ದರೆ ಯಾರ ಪಾಲನ್ನೂ ಕಸಿದಂತಾಗುತ್ತಿರಲಿಲ್ಲ. ಸಿದ್ಧತೆಗೂ ದಾಸ್ತಾನಿಗೂ ಇರುವ ವ್ಯತ್ಯಾಸ ಪ್ರಮಾಣದ್ದಲ್ಲ, ಸಮಯದ್ದು. ಏನೂ ಆಗಿಲ್ಲದ ಇಂದೇ ಅದಕ್ಕೆ ಸಕಾಲ.

ಬೇಕಾಗಿರುವುದೂ ಹೆಚ್ಚೇನಲ್ಲ. ಎರಡು ವಾರಕ್ಕಾಗುವಷ್ಟು ಅಕ್ಕಿ, ರಾಗಿ, ಬೇಳೆ, ಅವಲಕ್ಕಿ, ಎಣ್ಣೆ, ಸಾಬೂನು. ಒಂದು ಥರ್ಮಾಮೀಟರ್, ಪ್ಯಾರಾಸಿಟಮಾಲ್, ಓಆರ್‌ಎಸ್ ಪೊಟ್ಟಣಗಳು, ಒಂದಷ್ಟು ಎನ್-95 ಮುಖಗವಸು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಇದ್ದರೆ ಅದರ ಬ್ಯಾಟರಿ ಸರಿಯಿದೆಯೇ ಎಂದು ನೋಡಿದರಾಯಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆಯವರಿಗೆ ಒಂದು ತಿಂಗಳ ಮಾತ್ರೆ ಸದಾ ಕೈಯಲ್ಲಿರಲಿ. ಇವೆಲ್ಲವನ್ನೂ ಬಳಸುತ್ತ, ತುಂಬಿಸುತ್ತ ಹೋದರೆ ಹಾಳಾಗುವ ಮಾತೇ ಇಲ್ಲ. ಓಆರ್‌ಎಸ್ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು. ಆ್ಯಂಟಿಬಯೋಟಿಕ್ ಕೂಡಿಡುವುದು ಮಾತ್ರ ವ್ಯರ್ಥ. ಅದು ವೈರಾಣುವನ್ನು ಕೊಲ್ಲದು. ಜ್ವರ ಬಂದ ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು.

ಆರೈಕೆ ಯಾರದು?

ಸಾಮಾನು ಸರಂಜಾಮಿಗಿಂತ ಮುಖ್ಯವಾದ ಪಾಠವೊಂದನ್ನು 1918 ಕಲಿಸಿದೆ. ಅಂದು ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಅಧಿಕ ಎಂಬುದು ಇತಿಹಾಸಕಾರರ ಅಂದಾಜು. ಬಲಿಯಾದವರಲ್ಲಿ ಮುದುಕರು, ಹಸುಗೂಸುಗಳಷ್ಟೇ ಅಲ್ಲ, 20ರಿಂದ 40ರ ಹರೆಯದ ಗಟ್ಟಿಮುಟ್ಟಾದವರೂ ದೊಡ್ಡ ಸಂಖ್ಯೆಯಲ್ಲಿದ್ದರು. ದುಡಿಯುವ ಗಂಡಸು, ಅಡುಗೆ ಮಾಡುವ ಹೆಂಗಸು ಒಟ್ಟಿಗೇ ಹಾಸಿಗೆ ಹಿಡಿದಾಗ ಗಂಜಿ ಕಾಯಿಸುವವರಾರು?

ಆದ್ದರಿಂದ ಪ್ರತಿ ಕುಟುಂಬವೂ ಈಗಲೇ ಕುಳಿತು ಮಾತಾಡಬೇಕಾದ ಕೆಲವು ಸಂಗತಿಗಳಿವೆ. ಕಿಟಕಿಯಿರುವ ಯಾವ ಕೋಣೆಯನ್ನು ರೋಗಿಗೆ ಬಿಡುವುದು? ಆರೈಕೆಗೆ ನಿಲ್ಲುವ ಒಬ್ಬರು ಯಾರು? ಅವರೂ ಮಲಗಿದರೆ ಮುಂದೆ ಯಾರು? ಊರಲ್ಲಿ ಒಂಟಿಯಾಗಿರುವ ತಂದೆತಾಯಿಯನ್ನು ನೋಡಿಕೊಳ್ಳುವ ನೆರೆಯವರ ದೂರವಾಣಿ ಸಂಖ್ಯೆ ನಮ್ಮಲ್ಲಿದೆಯೇ? ಕೋಣೆ ಬಿಟ್ಟುಕೊಡಲು ಸಾಧ್ಯವಿಲ್ಲದ ಒಂದೇ ಕೊಠಡಿಯ ಮನೆಗಳೇ ನಮ್ಮ ನಗರಗಳಲ್ಲಿ ಲಕ್ಷಾಂತರ ಇವೆ. ಅಲ್ಲಿ ಕಿಟಕಿ ಬಾಗಿಲು ತೆರೆದಿಟ್ಟು, ರೋಗಿಯೂ ಆರೈಕೆ ಮಾಡುವವರೂ ಮುಖಗವಸು ಧರಿಸಿ, ತಲೆಗಳ ನಡುವೆ ಸಾಧ್ಯವಾದಷ್ಟು ಅಂತರವಿಟ್ಟು ಮಲಗಬೇಕು. ಅದೂ ಕಷ್ಟವಾದರೆ ಹತ್ತಿರದ ಶಾಲೆ, ಕಲ್ಯಾಣಮಂಟಪಗಳಲ್ಲಿ ಆರೈಕೆ ಕೇಂದ್ರ ತೆರೆಯುವುದು ಪಾಲಿಕೆಯ ಹೊಣೆ. ಆ ಪಟ್ಟಿಯೂ ಈಗಲೇ ಸಿದ್ಧವಿರಬೇಕು.

ಬಹುತೇಕರಿಗೆ ಫ್ಲೂ ಒಂದು ವಾರದಲ್ಲಿ ಇಳಿಯುತ್ತದೆ. ಆದರೆ ಏದುಸಿರು, ಎದೆನೋವು, ಮಂಪರು, ತುಟಿ ನೀಲಿಗಟ್ಟುವುದು, ಆಮ್ಲಜನಕದ ಪ್ರಮಾಣ 94ಕ್ಕಿಂತ ಕೆಳಗಿಳಿಯುವುದು, ಬಿಟ್ಟ ಜ್ವರ ಮತ್ತೆ ಏರುವುದು, ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿನ ಕಾಲ ಮುಗಿಯಿತೆಂದೇ ಅರ್ಥ. ಒಸೆಲ್ಟಾಮಿವಿರ್ ಮಾತ್ರೆ ಮೊದಲ 48 ಗಂಟೆಗಳಲ್ಲಿ ಹೆಚ್ಚು ಫಲಕಾರಿ. ಗರ್ಭಿಣಿಯರು, ವೃದ್ಧರು, ಮಧುಮೇಹಿಗಳು ಈ ಲಕ್ಷಣಗಳಿಗಾಗಿ ಕಾಯದೆ ಜ್ವರ ಬಂದೊಡನೆ ವೈದ್ಯರನ್ನು ಕಾಣಬೇಕು.

ಇನ್ನೊಂದು ಮಾತು. ಮನೆಗೆಲಸದಾಕೆಗೆ ಜ್ವರ ಬಂದರೆ ಸಂಬಳ ಕಡಿಯುವುದಿಲ್ಲ ಎಂದು ಇಂದೇ ಹೇಳಿಬಿಡಿ. ಕೂಲಿ ತಪ್ಪುವ ಭಯವಿರುವ ತನಕ ಆಕೆ ಕೆಮ್ಮುತ್ತಲೇ ನಾಲ್ಕು ಮನೆಯ ಪಾತ್ರೆ ತೊಳೆಯಬೇಕಾಗುತ್ತದೆ. ಆಕೆಗೆ ವಿಶ್ರಾಂತಿ ಸಿಕ್ಕರೆ ಆಕೆಯ ಮನೆಯೂ ನಮ್ಮ ಮನೆಯೂ ಉಳಿದಾವು.

ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. 2020ರಲ್ಲಿ ನಾವು ಮಾಡಿದ್ದು ಅದನ್ನೇ. ಮತ್ತೆ ಅದೇ ತಪ್ಪಾದರೆ, ಗೊತ್ತಿರಲಿಲ್ಲ ಎಂಬ ನೆಪ ಮಾತ್ರ ಈ ಬಾರಿ ಉಳಿದಿರುವುದಿಲ್ಲ.