ಮನೆಯ ಲೆಕ್ಕ, ಮನಸ್ಸಿನ ಲೆಕ್ಕ

ಅನಂತಪುರ ಜಿಲ್ಲೆಯ ಕಂಬದೂರು ಭಾಗದ ಕನ್ನಡಿಗರು ಆಂಧ್ರಕ್ಕೆ ಸೇರಿದ್ದು 1953ರಲ್ಲಿ; ಕಾಸರಗೋಡಿನ ನಾವು ಕೇರಳಕ್ಕೆ ಸೇರಿದ್ದು 1956ರಲ್ಲಿ. ಅಲ್ಲಿ ಮಳೆಯನ್ನೇ ನೆಚ್ಚಿದ ನೆಲಗಡಲೆ, ಇಲ್ಲಿ ಅಡಿಕೆ. ಬೆಳೆ ಕೈಕೊಟ್ಟ ವರ್ಷ ಖರ್ಚಿಗೆ ಕತ್ತರಿ ಬೀಳುವುದು ಎರಡೂ ಕಡೆ ಸಹಜ. ಆದರೆ ಅದು ಮೊದಲು ಬೀಳುವುದು ಮಕ್ಕಳ ಕನ್ನಡ ಪುಸ್ತಕದ ಮೇಲೆ. ಮದುವೆಯ ಚಪ್ಪರ, ಚಿನ್ನ, ಔತಣಗಳಿಗೆ ಮಾತ್ರ ಸಾಲವಾದರೂ ಹುಟ್ಟುತ್ತದೆ!

ಮಿತವ್ಯಯವೆಂದರೆ ಜಿಪುಣತನವಲ್ಲ. ಬೇಕಾದುದಕ್ಕೆ ಮೊದಲು ತೆಗೆದಿಟ್ಟು, ಮೆರೆಯುವ ಖರ್ಚನ್ನು ಬಿಡುವುದೇ ಮಿತವ್ಯಯ. ಭಾಷೆ ಉಳಿಯಬೇಕೆಂದು ಸಭೆಯಲ್ಲಿ ಚಪ್ಪಾಳೆ ತಟ್ಟಿದರೆ ಸಾಲದು. ಮನೆಯ ಲೆಕ್ಕದ ಪುಸ್ತಕದಲ್ಲೂ ಅದಕ್ಕೊಂದು ಸಾಲು ಇರಬೇಕು. ತಿಂಗಳ ಖರ್ಚನ್ನು ಬರೆದಿಡೋಣ. ಯಾವುದು ನಮಗಾಗಿ, ಯಾವುದು ನೆರೆಯವರ ಕಣ್ಣಿಗಾಗಿ ಎಂದು ಗುರುತಿಸೋಣ. ಎರಡನೆಯದನ್ನು ಬಿಟ್ಟರೆ ಅಂಚೆ ಕಚೇರಿಯ ಉಳಿತಾಯ ಖಾತೆಯೂ ಬೆಳೆದೀತು, ಮನೆಯಲ್ಲಿ ಕನ್ನಡವೂ ಉಳಿದೀತು.